ಬಾದಾಮಿ ಪ್ರವಾಸ ಮತ್ತು ಕಸೂತಿ: ಸಲಹೆ ಬೇಕು

ಪ್ರಶ್ನೆ: ನಾನು ಮೈಸೂರಿನಲ್ಲಿ ಉದ್ಯೋಗದಲ್ಲಿರುವ, ಇಬ್ಬರು ಮಕ್ಕಳ ತಾಯಿ. ಬೆಳಗಿನ ಊಟದ ಡಬ್ಬಿ, ಕಚೇರಿ, ಸಂಜೆಯ ಮನೆಗೆಲಸ ಎಲ್ಲವೂ ಮುಗಿದ ಮೇಲೆ ಉಳಿಯುವ ಅರ್ಧ ಗಂಟೆಯಲ್ಲಿ ಕಸೂತಿ ಕಲಿಯುತ್ತಿದ್ದೇನೆ. ಅದರ ಹೊಲಿಗೆಗಳಲ್ಲಿ ನೇರ ಗೆರೆಯ ಗವಂತಿ ಕೈಗೆ ಹತ್ತಿದೆ, ಮೆಟ್ಟಿಲಿನಂತೆ ಅಂಕುಡೊಂಕಾಗಿ ಸಾಗುವ ಮುರಗಿ ಇನ್ನೂ ತಪ್ಪುತ್ತದೆ. ದಸರಾ ರಜೆಯಲ್ಲಿ ಮಕ್ಕಳಿಗೆ ಬಾದಾಮಿ ತೋರಿಸುವ ಆಸೆಯಿದೆ. ಎರಡು ದಿನ ಸಾಕೇ? ರೈಲಿನಲ್ಲಿ ಹೊಲಿಗೆ ಸಾಧ್ಯವೇ?

ಉತ್ತರ 1: ಎರಡು ದಿನ ಸಾಕು ಮೇಡಂ. ಬಂಡೆ ಕಾಯುವ ಮುನ್ನವೇ ಗುಹೆಗಳ ಮೆಟ್ಟಿಲು ಹತ್ತಿ. ಮೊದಲ ಗುಹೆಯ ನಟರಾಜನ ಹದಿನೆಂಟು ಕೈಗಳನ್ನು ಎಣಿಸುತ್ತ ನನ್ನ ಮಗಳು ಅಲ್ಲಿಂದ ಕದಲಲೇ ಇಲ್ಲ. ಮರುದಿನ ಸುಮಾರು 22 ಕಿ.ಮೀ. ದೂರದ ಪಟ್ಟದಕಲ್ಲು, ಅಲ್ಲಿಂದ ಐಹೊಳೆ. ಮಂಗಗಳ ಕಾಟವಿರುವುದರಿಂದ ತಿಂಡಿಯನ್ನು ಕೈಯಲ್ಲಿ ಹಿಡಿಯಬೇಡಿ.

ಉತ್ತರ 2: ನಾನು ಧಾರವಾಡದವಳು, ಅಜ್ಜಿಯಿಂದ ಕಸೂತಿ ಕಲಿತವಳು. ಎಳೆ ಎಣಿಸಿ, ಗಂಟು ಹಾಕದೆ ಹೊಲಿಯಬೇಕಾದ ಕೆಲಸವಾದ್ದರಿಂದ ಕುಲುಕುವ ರೈಲಿನಲ್ಲಿ ಮುರಗಿ ಬೇಡ ತಂಗಿ. ಹೊಲಿಗೆ ಮುಂದೆ ಸಾಗುವಾಗ ಒಂದೇ ಎಳೆ ತಪ್ಪಿದರೂ ಅದೇ ಗೆರೆಯಲ್ಲಿ ಹಿಂದಕ್ಕೆ ಹೊಲಿಯುತ್ತ ಮರಳುವಾಗ ಸೂಜಿ ಕೂಡುವುದಿಲ್ಲ. ಗವಂತಿಯ ಅಂಚನ್ನಷ್ಟೇ ಒಯ್ಯಿರಿ.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಧನ್ಯವಾದಗಳು. ಮುರಗಿಯ ಬಟ್ಟೆಯನ್ನು ಮನೆಯಲ್ಲೇ ಬಿಟ್ಟು, ಅಂಚಿನ ತುಂಡೊಂದನ್ನು ಚೀಲಕ್ಕೆ ಹಾಕಿದ್ದೇನೆ.