ಅಮ್ಮ ಆಪರೇಷನ್‌ಗೆ ಒಪ್ಪುತ್ತಿಲ್ಲ: ಓದುಗರ ಸ್ಪಂದನ

ಸಮಸ್ಯೆ: ಅಮ್ಮನಿಗೆ 58 ವರ್ಷ. ಸ್ತನ ಕ್ಯಾನ್ಸರ್, ಎರಡನೇ ಹಂತ. ಆಪರೇಷನ್, ಕೀಮೋ ಎರಡೂ ಬೇಡ ಎಂದು ಎರಡು ತಿಂಗಳಿಂದ ಮರದ ತೊಗಟೆಯ ಕಷಾಯ ಕುಡಿಯುತ್ತಿದ್ದಾರೆ. ಏನು ಮಾಡಲಿ?
– ಮಗಳು, ಮೂಡಿಗೆರೆ

ತಂಗಿ, ನಿಮ್ಮ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನನ್ನ ಅಕ್ಕನೂ ಹೀಗೇ ಮಾಡಿದ್ದಳು. ಗಂಟು ಚಿಕ್ಕದಿದ್ದಾಗಲೇ ಗೊತ್ತಾಗಿತ್ತು. 'ಚಾಕು ತಾಗಿಸಿದರೆ ಮೈಯೆಲ್ಲ ಹರಡುತ್ತೆ' ಎಂದು ಯಾರೋ ತಲೆಗೆ ತುಂಬಿದ್ದರು. ಲಕ್ಷ್ಮಣಫಲದ ಎಲೆ, ಅಮೃತಬಳ್ಳಿ, ಪಥ್ಯ ಅಂತ ಏಳು ತಿಂಗಳು ಹೋಯಿತು. ನಾವು ದಿನಾ ಜಗಳ ಆಡಿದೆವು. ಜಗಳ ಜಾಸ್ತಿಯಾದಷ್ಟೂ ಅವಳ ಹಟ ಗಟ್ಟಿಯಾಯಿತು.

ಒಂದು ದಿನ ಅಂಗಳದಲ್ಲಿ ಮೆಣಸು ಬಿಡಿಸುತ್ತಾ ಸುಮ್ನೆ ಕೇಳಿದೆ, 'ನಿನಗೆ ಯಾವುದರ ಭಯ ಅಕ್ಕಾ?' ಆಗ ಅತ್ತುಬಿಟ್ಟಳು. 'ಕರೆಂಟು ಕೊಟ್ಟಾಗ', ಅಂದರೆ ರೇಡಿಯೇಷನ್ ಕೊಟ್ಟಾಗ, ಪಕ್ಕದ ಮನೆಯವರ ಚರ್ಮ ಕಪ್ಪಾಗಿದ್ದನ್ನು ನೋಡಿದ್ದಳಂತೆ. ಮಗಳ ಮದುವೆಗೆ ಕೂಡಿಟ್ಟ ದುಡ್ಡು ಕರಗುತ್ತದೆ ಎನ್ನುವ ಚಿಂತೆ ಅದಕ್ಕಿಂತ ದೊಡ್ಡದು. ಕಷಾಯದ ಮೇಲಿನ ನಂಬಿಕೆ ಅಲ್ಲ ಅದು, ಅಲ್ವಾ? ಮಾರನೇ ವಾರ ಆಸ್ಪತ್ರೆಗೆ ಬಂದಳು. ಅಷ್ಟರಲ್ಲಿ ಕಾಯಿಲೆ ಮೂಳೆಗೆ ಇಳಿದಿತ್ತು. ಆ ಪ್ರಶ್ನೆಯನ್ನು ನಾನು ಮೊದಲ ವಾರವೇ ಕೇಳಬೇಕಿತ್ತು. ನೀವು ಇವತ್ತೇ ಕೇಳಿ.
– ಓದುಗಿ, ಸಕಲೇಶಪುರ

ಹಾಸನದಲ್ಲಿ ನನ್ನದು ಮೆಡಿಕಲ್ ಅಂಗಡಿ. ಅಮ್ಮನಿಗೆ ಗಿಡಮರದ ಮದ್ದೇ ಬೇಕು ಎಂದರೆ ಹೀಗೆ ಹೇಳಿ ನೋಡಿ. ಸ್ತನ ಕ್ಯಾನ್ಸರ್‌ಗೆ ಕೊಡುವ ಕೀಮೋ ಮದ್ದು ಪ್ಯಾಕ್ಲಿಟಾಕ್ಸೆಲ್ ಮೊದಲು ಸಿಕ್ಕಿದ್ದು ಅಮೆರಿಕದ ಯೂ ಮರದ ತೊಗಟೆಯಲ್ಲಿ. ರಕ್ತ ಕ್ಯಾನ್ಸರ್‌ಗೆ ಕೊಡುವ ವಿನ್‌ಕ್ರಿಸ್ಟಿನ್ ಬಂದಿದ್ದು ನಮ್ಮ ಅಂಗಳದ ನಿತ್ಯಪುಷ್ಪದಿಂದ. ಯಾರಿಗೆ, ಎಷ್ಟು, ಎಷ್ಟು ದಿನಕ್ಕೊಮ್ಮೆ ಕೊಡಬೇಕು ಎಂದು ಅಳೆದು, ಪರೀಕ್ಷಿಸಿ ಕೊಡುತ್ತಾರೆ. ಅಮ್ಮನ ಲೋಟದ ಕಷಾಯವನ್ನು ಹಾಗೆ ಅಳೆದವರು ಯಾರು?

2017ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಬರೀ ಪರ್ಯಾಯ ಮದ್ದು ನಂಬಿದ 281 ಜನರ ದಾಖಲೆ ನೋಡಿದ್ದರು. ಸ್ತನ ಕ್ಯಾನ್ಸರ್ ಇದ್ದವರಲ್ಲಿ ಸಾವಿನ ಅಪಾಯ, ಚಿಕಿತ್ಸೆ ಪಡೆದವರಿಗಿಂತ ಐದು ಪಟ್ಟಿಗೂ ಜಾಸ್ತಿ ಇತ್ತು. ಈ ಲೆಕ್ಕ ಅಮ್ಮನ ಮುಂದೆ ಬೇಡ, ಹೆದರುತ್ತಾರೆ. ನೀವು ತಡ ಮಾಡಬಾರದು ಅಂತ ಹೇಳಿದೆ. ಇನ್ನೊಂದು ಮಾತು. ಕಷಾಯ ಕುಡಿಯುತ್ತಿರುವುದನ್ನು ಡಾಕ್ಟರ ಹತ್ತಿರ ಮುಚ್ಚಿಡಬೇಡಿ. ಅಮೃತಬಳ್ಳಿಯಿಂದಲೇ ಲಿವರ್ ಕೆಟ್ಟ ಪ್ರಕರಣಗಳು ನಮ್ಮ ದೇಶದಲ್ಲಿ ವರದಿಯಾಗಿವೆ.
– ಓದುಗ, ಹಾಸನ

ದುಡ್ಡಿನ ಚಿಂತೆಯಾದರೆ, ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಬೆಂಗಳೂರಿನ ಕಿದ್ವಾಯಿ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ. ಚಿಕಿತ್ಸೆಗೆ ಹೋಗುವ ಕ್ಯಾನ್ಸರ್ ರೋಗಿಗೂ ಜೊತೆಗೆ ಹೋಗುವ ಒಬ್ಬರಿಗೂ ರೈಲಿನಲ್ಲಿ ರಿಯಾಯಿತಿ ಇದೆ.

ನನಗೂ ಇದೇ ಕಾಯಿಲೆ ಬಂದಿತ್ತು. ಕೂದಲೆಲ್ಲ ಹೋಯಿತು. ಮತ್ತೆ ಬಂತು, ಮೊದಲಿಗಿಂತ ಗುಂಗುರಾಗಿ. ಅಮ್ಮ ನನ್ನನ್ನು ನೋಡಬೇಕು ಎಂದರೆ ಬರುತ್ತೇನೆ. ಮೊದಲ ಕೀಮೋ ದಿನ ಅವರ ಪಕ್ಕ ಕೂತಿರುತ್ತೇನೆ.
– ಓದುಗಿ, ಕಡೂರು