ಅರಿಶಿನದ ಕಲೆ ಮತ್ತೆ ಹಳದಿಯಾದರೆ ಅದು ಭೌತಿಕ ಬದಲಾವಣೆಯೇ?

ಡೊಂಬಿವಲಿಯ ಟೀಚರ್:
ಮುಂಬಯಿ ಉಪನಗರದ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ನಾನು ಏಳು ಮತ್ತು ಎಂಟನೆಯ ತರಗತಿಗೆ ವಿಜ್ಞಾನ ಕಲಿಸುತ್ತೇನೆ. ಬಟ್ಟೆಯ ಮೇಲಿನ ಅರಿಶಿನದ ಕಲೆ ಸಾಬೂನು ತಾಗಿದಾಗ ಕೆಂಪಾಗುವುದು ಯಾವ ಬಗೆಯ ಬದಲಾವಣೆ ಎಂದು ಕಿರುಪರೀಕ್ಷೆಯಲ್ಲಿ ಕೇಳಿದ್ದೆ. ‘ಭೌತಿಕ ಬದಲಾವಣೆ, ಏಕೆಂದರೆ ನಿಂಬೆರಸ ಹಿಂಡಿದರೆ ಅದು ಮತ್ತೆ ಹಳದಿಯಾಗುತ್ತದೆ’ ಎಂದು ಒಬ್ಬ ಹುಡುಗಿ ಬರೆದಿದ್ದಾಳೆ. ತಪ್ಪು ಗುರುತು ಹಾಕಿದ ಮೇಲೆ ಕೈ ತಡೆಯಿತು. ಹಿಂದಿನ ಸ್ಥಿತಿಗೆ ತರಬಹುದಾದದ್ದು ಭೌತಿಕ, ತರಲಾಗದ್ದು ರಾಸಾಯನಿಕ ಎಂದು ಅವರಿಂದ ಬರೆಸಿದವಳು ನಾನೇ. ಈ ಸೂತ್ರವನ್ನು ಉಳಿಸಿಕೊಳ್ಳಬೇಕೇ, ಬಿಡಬೇಕೇ ಎಂಬುದನ್ನು ತಿಳಿದವರು ಹೇಳಬೇಕು.

ಠಾಣೆಯ ಟ್ಯೂಷನ್ ಮೇಷ್ಟ್ರು:
ಟೀಚರ್, ದಯವಿಟ್ಟು ಬಿಡಬೇಡಿ. ಹನ್ನೆರಡು ಹದಿಮೂರು ವರ್ಷದ ಮಕ್ಕಳಿಗೆ ಅಣುಗಳು ಕಾಣುವುದಿಲ್ಲ. ಮಂಜುಗಡ್ಡೆ ಕರಗಿ ಮತ್ತೆ ಗಟ್ಟಿಯಾಗುವುದು ಕಾಣುತ್ತದೆ, ಸುಟ್ಟ ಕಾಗದ ಮತ್ತೆ ಕಾಗದವಾಗದಿರುವುದೂ ಕಾಣುತ್ತದೆ. ಕಾಣುವುದರಿಂದ ಆರಂಭಿಸಿ, ಅಪವಾದಗಳನ್ನು ಮೇಲಿನ ತರಗತಿಗೆ ಬಿಡುವುದು ಮಕ್ಕಳಿಗೂ ಹಿತ, ಪರೀಕ್ಷೆಗೂ ಹಿತ.

ಪುಣೆಯ ನಿವೃತ್ತ ಉಪನ್ಯಾಸಕ (ರಸಾಯನಶಾಸ್ತ್ರ):
ಅಪವಾದ ಎಂಬ ಮಾತನ್ನು ನಾನು ಒಪ್ಪಲಾರೆ. ಮೇಷ್ಟ್ರು ಹೇಳಿದ ಆ ಕಾಗದವನ್ನೇ ಸುಡದೆ ಚೂರುಚೂರಾಗಿ ಹರಿದು ನೋಡಿ: ಅದು ಮತ್ತೆ ಇಡೀ ಹಾಳೆಯಾಗದು, ಆದರೂ ಅದು ಭೌತಿಕ ಬದಲಾವಣೆಯೇ. ಇನ್ನು ನಮ್ಮ ಅಡಿಕೆ ತೋಟದವರೆಲ್ಲ ಬಲ್ಲ ಮೈಲುತುತ್ತವನ್ನು ತೆಗೆದುಕೊಳ್ಳಿ. 2.5 ಗ್ರಾಂ ನೀಲಿ ಹರಳನ್ನು ಹದವಾಗಿ ಕಾಯಿಸಿದರೆ ಸುಮಾರು 1.6 ಗ್ರಾಂ ಬಿಳಿಯ ಪುಡಿ ಉಳಿಯುತ್ತದೆ. ಆರಿದ ಮೇಲೆ ಅದಕ್ಕೆ ಕೆಲವು ಹನಿ ನೀರು ಹಾಕಿದೊಡನೆ ನೀಲಿ ಮರಳಿ ಬರುತ್ತದೆ, ಪುಡಿ ಬಿಸಿಯೂ ಆಗುತ್ತದೆ. ಹರಳಿನೊಳಗೆ ತಾಮ್ರದ ಸಲ್ಫೇಟಿಗೆ ಬೆಸೆದುಕೊಂಡಿದ್ದ ನೀರು ಬಿಟ್ಟುಹೋಗಿ ಮತ್ತೆ ಬಂದು ಸೇರುವುದರಿಂದ ಇದು ಹಿಂದಿರುಗುವ ರಾಸಾಯನಿಕ ಬದಲಾವಣೆ. (ಮೈಲುತುತ್ತ ವಿಷವಾದ್ದರಿಂದ ಈ ಪ್ರಯೋಗವನ್ನು ಟೀಚರೇ ಮಾಡಿ ತೋರಿಸಬೇಕು.)

ಅರಿಶಿನದ ಕಥೆಯೂ ಇದೇ. ಅದರ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಅಣು ಸಾಬೂನಿನ ಕ್ಷಾರದಲ್ಲಿ ಹೈಡ್ರೋಜನ್ ಅಯಾನನ್ನು ಬಿಟ್ಟುಕೊಡುತ್ತದೆ, ನಿಂಬೆಯ ಆಮ್ಲ ಬಂದಾಗ ಅದನ್ನು ಮರಳಿ ಪಡೆಯುತ್ತದೆ. ಆದ್ದರಿಂದ ಮಕ್ಕಳಿಗೆ ಕೇಳಬೇಕಾದ ಪ್ರಶ್ನೆ ‘ಹಿಂದಿರುಗಿತೇ’ ಎಂಬುದಲ್ಲ, ‘ಈಗ ಇರುವುದು ಮೊದಲಿದ್ದ ವಸ್ತುವೇ’ ಎಂಬುದು.

ಕುರ್ಲಾದಿಂದ, ರಾತ್ರಿ ಶಾಲೆಯ ಹಳೆಯ ವಿದ್ಯಾರ್ಥಿ:
ಸರ್ ಹೇಳಿದ್ದಕ್ಕೆ ನಮ್ಮ ಕರಾವಳಿಯ ಒಂದು ಉದಾಹರಣೆ ಸೇರಿಸುತ್ತೇನೆ. ಹೊಳೆಯ ಚಿಪ್ಪನ್ನು ಗೂಡಿನಲ್ಲಿ ಸುಟ್ಟು ಸುಣ್ಣ ಮಾಡುವುದನ್ನು ಊರಿನಲ್ಲಿ ನೋಡುತ್ತ ಬೆಳೆದವನು ನಾನು. ಚಿಪ್ಪು ಎಂದರೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಸುಟ್ಟಾಗ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ, ಅದಕ್ಕೆ ನೀರು ಹಾಕಿದರೆ ಕೊತಕೊತ ಕುದಿದು ಅರಳುತ್ತದೆ, ಅರಳಿದ ಸುಣ್ಣವನ್ನು ಗೋಡೆಗೆ ಬಳಿದ ಮೇಲೆ ಅದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಕ್ಯಾಲ್ಸಿಯಂ ಕಾರ್ಬೊನೇಟೇ ಆಗುತ್ತದೆ. ಮೂರು ಹೆಜ್ಜೆಯೂ ರಾಸಾಯನಿಕ. ಆದರೆ ಹೊರಟ ವಸ್ತುವಿಗೇ ಮರಳಿದೆವು. ಸೂತ್ರವನ್ನು ನಂಬಿದ ಮಗು ಇದಕ್ಕೆ ಏನೆಂದು ಉತ್ತರ ಬರೆಯಬೇಕು?

ಠಾಣೆಯ ಟ್ಯೂಷನ್ ಮೇಷ್ಟ್ರು:
ಸುಣ್ಣದ ಉದಾಹರಣೆಗೆ ನನ್ನಲ್ಲಿ ಉತ್ತರವಿಲ್ಲ, ಒಪ್ಪಿದೆ. ಆದರೆ ‘ಅದೇ ವಸ್ತುವೇ’ ಎಂದು ಮಗು ತಿಳಿಯುವುದು ಹೇಗೆ? ಗುಳ್ಳೆ, ಬಣ್ಣ, ಬಿಸಿ ಇವನ್ನು ಗುರುತುಗಳೆಂದು ಹೇಳಿಕೊಟ್ಟರೆ, ನೀರು ಕುದಿಯುವಾಗಲೂ ಗುಳ್ಳೆ ಬರುತ್ತದೆಯಲ್ಲ ಎಂದು ಮೊದಲ ಬೆಂಚಿನವನೇ ಕೇಳುತ್ತಾನೆ.

ಪುಣೆಯ ನಿವೃತ್ತ ಉಪನ್ಯಾಸಕ:
ಅವನು ಕೇಳಲಿ. ಪಾಠ ನಿಜವಾಗಿ ಆರಂಭವಾಗುವುದೇ ಆ ಪ್ರಶ್ನೆಯಿಂದ. ಕುದಿಯುವ ನೀರಿನ ಗುಳ್ಳೆಯಲ್ಲಿ ಏನಿದೆ ಎಂದು ಕೇಳಿದರೆ ಎಷ್ಟೋ ಮಕ್ಕಳು ಗಾಳಿ ಎನ್ನುತ್ತಾರೆ, ಕಾಲೇಜಿಗೆ ಬಂದವರೂ ನನ್ನ ಮುಂದೆ ಹಾಗೆಂದಿದ್ದಾರೆ. ಆವಿಯ ಮೇಲೆ ತಣ್ಣನೆಯ ಸ್ಟೀಲ್ ತಟ್ಟೆ ಹಿಡಿದು, ಅದರ ಮೇಲೆ ಕೂಡುವ ಹನಿಗಳನ್ನು ತೋರಿಸಿ: ಗುಳ್ಳೆಯಲ್ಲಿ ಇದ್ದದ್ದೂ ನೀರೇ. ಅಡುಗೆ ಸೋಡಾಕ್ಕೆ ನಿಂಬೆರಸ ಹಿಂಡಿದಾಗ ಬರುವ ಅನಿಲವನ್ನು ಕೊಳವೆಯ ಮೂಲಕ ಸುಣ್ಣದ ತಿಳಿನೀರಿಗೆ ಹಾಯಿಸಿದರೆ ತಿಳಿ ಹಾಲಿನಂತಾಗುತ್ತದೆ. ಸೋಡಾದಲ್ಲೂ ನಿಂಬೆಯಲ್ಲೂ ಇರದಿದ್ದ ಹೊಸ ವಸ್ತು ಬಂದಿದೆ. ಗುರುತು ಅನುಮಾನ ಹುಟ್ಟಿಸುತ್ತದೆ ಅಷ್ಟೇ, ತೀರ್ಮಾನಕ್ಕೆ ಇನ್ನೊಂದು ಪರೀಕ್ಷೆ ಬೇಕು. ಎರಡೂ ಗುಳ್ಳೆಗಳನ್ನು ಒಂದೇ ಪೀರಿಯಡ್ಡಿನಲ್ಲಿ ಅಕ್ಕಪಕ್ಕ ತೋರಿಸಿದರೆ ಏಳನೆಯ ತರಗತಿಯ ಮಗುವಿಗೂ ಇದು ಭಾರವಾಗದು.

ಡೊಂಬಿವಲಿಯ ಟೀಚರ್:
ನಾನು ತೀರ್ಮಾನಕ್ಕೆ ಬಂದೆ. ಹುಡುಗಿಗೆ ಆ ಪ್ರಶ್ನೆಯ ಪೂರ್ತಿ ಅಂಕ ಕೊಡುತ್ತೇನೆ; ಕೊಟ್ಟ ಸೂತ್ರವನ್ನು ಅವಳು ಸರಿಯಾಗಿಯೇ ಬಳಸಿದ್ದಾಳೆ, ತಪ್ಪಿದ್ದದ್ದು ಸೂತ್ರ. ಸೋಮವಾರ ತರಗತಿಯಲ್ಲಿ ಅದನ್ನು ಹೇಳಿ, ಅರಿಶಿನದ ಪ್ರಯೋಗವನ್ನು ಅವಳ ಕೈಯಿಂದಲೇ ಮಾಡಿಸುತ್ತೇನೆ. ಇನ್ನು ಮೇಲೆ ‘ಯಾವ ಬಗೆ’ ಎಂದಷ್ಟೇ ಕೇಳದೆ, ‘ಹೊಸ ವಸ್ತು ಉಂಟಾಗಿದೆ ಅಥವಾ ಇಲ್ಲ ಎನ್ನಲು ನೀವು ಏನು ಮಾಡಿ ನೋಡುವಿರಿ’ ಎಂದೂ ಕೇಳುತ್ತೇನೆ.

ಕುರ್ಲಾದಿಂದ, ರಾತ್ರಿ ಶಾಲೆಯ ಹಳೆಯ ವಿದ್ಯಾರ್ಥಿ:
ಬಿಳಿಯ ಹತ್ತಿಬಟ್ಟೆಯನ್ನೇ ತನ್ನಿ, ಟೀಚರ್. ನಿಂಬೆ ಹಿಂಡುವ ಮೊದಲು ಸಾಬೂನನ್ನು ನೀರಿನಲ್ಲಿ ಜಾಲಿಸಿಬಿಡಿ, ಇಲ್ಲದಿದ್ದರೆ ರಸವೆಲ್ಲ ಸಾಬೂನಿಗೇ ಖರ್ಚಾಗುತ್ತದೆ. ಅದೇ ಕಲೆಯ ಇನ್ನೊಂದು ತುಂಡನ್ನು ಒಂದೆರಡು ದಿನ ಕಿಟಕಿಯ ಬಿಸಿಲಿಗೆ ಇಟ್ಟಿರಿ. ಬಿಸಿಲಿಗೆ ಮಾಸಿದ ಅರಿಶಿನ ನಿಂಬೆಗೂ ಸಾಬೂನಿಗೂ ಮರಳಿ ಬರುವುದಿಲ್ಲ, ಅದನ್ನೂ ಮಕ್ಕಳು ನೋಡಲಿ.