‘ವರದಿ’ ಬಟನ್ ಒತ್ತಿದರೆ ವಿಂಡೋ ಬೆಳ್ಳಗಾಗುತ್ತೆ: ವಿನ್‌ಫಾರ್ಮ್ಸ್ ಬಿಟ್ಟುಬಿಡಲಾ?

ಅಡಿಕೆ_ಕೋಡು:
ಎಲ್ಲರಿಗೂ ನಮಸ್ಕಾರ. ಸಿ ಶಾರ್ಪ್ ಕಲಿಯೋಕೆ ಶುರು ಮಾಡಿ ಎಂಟು ತಿಂಗಳಾಯಿತು. ಮಾವನದು ಶಿರಸಿ ಕಡೆ ಅಡಿಕೆ ವ್ಯಾಪಾರ. ಅವರಿಗೆ ಒಂದು ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದೇನೆ. ವಿನ್‌ಫಾರ್ಮ್ಸ್ (ವಿಂಡೋಸ್‌ನಲ್ಲಿ ಪರದೆ, ಬಟನ್ ಕಟ್ಟೋ ಮೈಕ್ರೋಸಾಫ್ಟ್ ಸಲಕರಣೆ), ಡಾಟ್ ನೆಟ್ 8, ಡೇಟಾಬೇಸ್ ಎಸ್‌ಕ್ಯೂಎಲ್ ಸರ್ವರ್ ಎಕ್ಸ್‌ಪ್ರೆಸ್. ರಾಶಿ, ಚಾಲಿ, ಬೆಟ್ಟೆ ಒಂದೊಂದಕ್ಕೂ ಬೇರೆ ದರ, ಮೂಟೆ ಲೆಕ್ಕ, ಮುಂಗಡ ಎಲ್ಲ ಸರಿಯಾಗಿ ಬರುತ್ತೆ. ‘ವರ್ಷದ ವರದಿ’ ಬಟನ್ ಒತ್ತಿದಾಗ ಮಾತ್ರ ಕೈ ಕೊಡುತ್ತೆ. ವಿಂಡೋ ಬೆಳ್ಳಗಾಗಿ, ಮೇಲೆ ‘ನಾಟ್ ರೆಸ್ಪಾಂಡಿಂಗ್’ ಅಂತ ಬಂದು ಕೂತುಬಿಡುತ್ತೆ. ಒಂದೂವರೆ ನಿಮಿಷ ಕಾದರೆ ವರದಿ ಬರುತ್ತೆ. ಆದರೆ ಮಾವ ಕಾಯಲ್ಲ, ಕೆಟ್ಟೋಯ್ತು ಅಂತ ಸ್ವಿಚ್ಚೇ ಆಫ್ ಮಾಡುತ್ತಾರೆ. ಇರೋದು ಸುಮಾರು 18 ಸಾವಿರ ಬಿಲ್ಲು ಅಷ್ಟೇ. ವಿನ್‌ಫಾರ್ಮ್ಸ್ ಹಳೇದು, ಅದೇ ಕೆಲಸದ ಹೊಸ ಸಲಕರಣೆ ಡಬ್ಲ್ಯುಪಿಎಫ್‌ಗೆ ಹೋಗು ಅಂತ ಗೆಳೆಯ ಹೇಳುತ್ತಾನೆ. ಹೋಗಲಾ?

ಹಳೇ_ವಿಬಿ:
ತಮ್ಮಾ, ಎಲ್ಲಿಗೂ ಹೋಗಬೇಡ. ಲೂಪ್ ಒಳಗೆ ‘ಅಪ್ಲಿಕೇಷನ್ ಡಾಟ್ ಡೂಇವೆಂಟ್ಸ್’ ಅಂತ ಒಂದು ಸಾಲು ಹಾಕು. ವಿಂಡೋ ಜೀವ ಹಿಡಿಯುತ್ತೆ. ವಿಬಿ6 ಕಾಲದಿಂದ ನಾವು ಮಾಡಿಕೊಂಡು ಬಂದಿದ್ದೇ ಇದು.

ಎಕ್ಸಾಮಲ್_ಪ್ರೇಮಿ:
ನಿನ್ನ ಗೆಳೆಯ ಹೇಳಿದ್ದು ಸರಿ. ವಿನ್‌ಫಾರ್ಮ್ಸ್ 2002ರದ್ದು. ಡಬ್ಲ್ಯುಪಿಎಫ್ ಬಂದಿದ್ದು 2006ರಲ್ಲಿ, ಅದರ ಯೋಚನೆಯೇ ಬೇರೆ. ಡೇಟಾ ಬೈಂಡಿಂಗ್ (ಡೇಟಾವನ್ನು ಪರದೆಗೆ ಜೋಡಿಸೋದು) ಚೆನ್ನಾಗಿದೆ, ದೊಡ್ಡ ರೆಸಲ್ಯೂಷನ್ ಪರದೆಯಲ್ಲಿ ಅಕ್ಷರ ಮಸುಕಾಗಲ್ಲ, ಗ್ರಿಡ್‌ನಲ್ಲಿ (ಪರದೆ ಮೇಲಿನ ಕೋಷ್ಟಕ) ಕಣ್ಣಿಗೆ ಕಾಣುವ ಸಾಲುಗಳನ್ನು ಮಾತ್ರ ಅದು ಕಟ್ಟುತ್ತೆ. ಈಗಲೇ ಬದಲಾಯಿಸಿಕೋ. ಆಮೇಲೆ ಕಷ್ಟ.

ನೂಲು_ಬಿಚ್ಚುವವಳು:
ಇಬ್ಬರೂ ಸ್ವಲ್ಪ ತಡೀರಿ. ಡಬ್ಲ್ಯುಪಿಎಫ್‌ಗೆ ಹೋದರೂ ಇದೇ ಕಥೆ. ಅಲ್ಲೂ ಪರದೆ ನೋಡಿಕೊಳ್ಳೋದು ಒಂದೇ ಥ್ರೆಡ್, ಅಂದರೆ ಪ್ರೋಗ್ರಾಂನೊಳಗೆ ಕೆಲಸ ಮಾಡೋ ಒಬ್ಬ ಆಳು. ಅದಕ್ಕೇ ಯುಐ ಥ್ರೆಡ್ ಅನ್ನೋದು.

ಮಾವನ ಅಂಗಡಿಯಲ್ಲಿ ತೂಕ ಹಾಕುವವನು ಒಬ್ಬನೇ ಅಂದುಕೋ. ಅವನನ್ನೇ ಗೋದಾಮಿನಲ್ಲಿರೋ ಮೂಟೆ ಎಣಿಸಿ ಬಾ ಅಂತ ಕಳಿಸಿದರೆ ಬಾಗಿಲಿಗೆ ಬಂದವರನ್ನು ಮಾತಾಡಿಸುವವರು ಯಾರು? ನಿನ್ನ ಬಟನ್ ಮಾಡುತ್ತಿರೋದು ಅದನ್ನೇ. ಮೌಸ್ ಒತ್ತಿದ್ದು, ವಿಂಡೋ ಮತ್ತೆ ಬಿಡಿಸಬೇಕು ಅನ್ನೋದು, ಎಲ್ಲ ಸಂದೇಶಗಳಾಗಿ ಒಂದು ಸಾಲಲ್ಲಿ ನಿಲ್ಲುತ್ತವೆ. ಯುಐ ಥ್ರೆಡ್ ಒಂದೊಂದನ್ನೇ ತೆಗೆದು ನೋಡಬೇಕು. ಐದು ಸೆಕೆಂಡ್ ಅದು ಆ ಕಡೆ ತಿರುಗಿಯೂ ನೋಡದೇ ಇದ್ದರೆ ವಿಂಡೋಸ್ ‘ನಾಟ್ ರೆಸ್ಪಾಂಡಿಂಗ್’ ಅಂತ ಬರೆದುಬಿಡುತ್ತೆ. ಪ್ರೋಗ್ರಾಂ ಸತ್ತಿಲ್ಲ. ಗೋದಾಮಿನಲ್ಲಿದೆ.

ಡೂಇವೆಂಟ್ಸ್ ಅಂದರೆ ಒಂದೊಂದು ಮೂಟೆ ಎಣಿಸಿದ ಮೇಲೂ ಬಾಗಿಲಿಗೆ ಓಡಿ ಬಾ ಅಂದ ಹಾಗೆ. ಬಾಗಿಲಲ್ಲಿ ಇನ್ನೊಬ್ಬರು ‘ಮೂಟೆ ಎಣಿಸು’ ಅಂದರೆ? ಮೊದಲಿನ ಎಣಿಕೆ ಅರ್ಧಕ್ಕೆ ಬಿಟ್ಟು, ಅದರ ಹೊಟ್ಟೆಯೊಳಗೇ ಎರಡನೇ ಎಣಿಕೆ ಶುರು. ನಾನು ಮೊದಲು ಕೆಲಸ ಮಾಡಿದ ಕಡೆ ಹೀಗೇ ಆಗಿ, ಸೇವ್ ಬಟನ್ ಎರಡು ಸಲ ಒತ್ತಿದ್ದಕ್ಕೆ ಒಂದೇ ಪಾವತಿ ಎರಡು ಸಲ ದಾಖಲಾಗಿತ್ತು. ಕಂಡುಹಿಡಿಯೋಕೆ ಮೂರು ದಿನ ಹೋಯಿತು.

ಹಳೇ_ವಿಬಿ:
ಬಟನ್ ಡಿಸೇಬಲ್ ಮಾಡಿದರೆ ಆಯ್ತಲ್ಲಮ್ಮ. ಇಷ್ಟಕ್ಕೆ ಗೋದಾಮು, ಮೂಟೆ ಎಲ್ಲ ಯಾಕೆ?

ನೂಲು_ಬಿಚ್ಚುವವಳು:
ಬಟನ್ ಡಿಸೇಬಲ್ ಮಾಡುತ್ತೀರಿ ಸರ್. ಮೂಲೆಯಲ್ಲಿರೋ ಎಕ್ಸ್ ಗುರುತು? ಅದನ್ನು ಒತ್ತಿದರೆ ಫಾರ್ಮ್ (ಆ ವಿಂಡೋ) ಮುಚ್ಚಿ ಡಿಸ್ಪೋಸ್ ಆಗುತ್ತೆ, ಅಂದರೆ ಪೂರ್ತಿ ಕಿತ್ತು ಹೋಗುತ್ತೆ. ಲೂಪ್ ಮಾತ್ರ ಇನ್ನೂ ಓಡುತ್ತಿರುತ್ತೆ. ಮುಂದಿನ ಸುತ್ತಿನಲ್ಲಿ ಇಲ್ಲದ ಗ್ರಿಡ್‌ಗೆ ಸಾಲು ತುಂಬಲು ಹೋಗಿ ‘ಆಬ್ಜೆಕ್ಟ್ ಡಿಸ್ಪೋಸ್ಡ್ ಎಕ್ಸೆಪ್ಷನ್’.

ಹಳೇ_ವಿಬಿ:
ಹ್ಞೂಂ, ಅದು ಹೌದು. ನಮ್ಮ ಕಾಲದಲ್ಲಿ ಗಿರಾಕಿಗೆ ‘ಆ ಎಕ್ಸ್ ಮುಟ್ಟಬೇಡಿ’ ಅಂತ ಚೀಟಿ ಅಂಟಿಸಿ ಬರುತ್ತಿದ್ದೆವು.

ವೆಬ್_ಸಾಕು:
2002, 2006 ಅಂತೆಲ್ಲ ಯಾಕೆ ಜಗಳ? ಬ್ರೌಸರ್‌ನಲ್ಲಿ ಮಾಡಿ ಮುಗಿಸಿ. ಈಗ ಡೆಸ್ಕ್‌ಟಾಪ್ ಯಾರು ಬರೆಯುತ್ತಾರೆ?

ಅಡಿಕೆ_ಕೋಡು:
ಅಣ್ಣಾ, ಅಂಗಡಿಯಲ್ಲಿ ತೂಕದ ಯಂತ್ರ ಸೀರಿಯಲ್ ಪೋರ್ಟ್‌ನಲ್ಲಿದೆ. ಪ್ರಿಂಟರ್ ಡಾಟ್ ಮ್ಯಾಟ್ರಿಕ್ಸ್, ಮೂರು ಕಾರ್ಬನ್ ಪ್ರತಿ ಬೇಕು. ಜೂನ್‌ನಲ್ಲಿ ಮಳೆ ಹಿಡಿದರೆ ನೆಟ್ ಮೂರು ದಿನ ಬರದೇ ಇರಬಹುದು. ಬ್ರೌಸರ್ ಇಟ್ಟುಕೊಂಡು ಏನು ಮಾಡಲಿ?

ಇನ್ನು ನನ್ನ ಪರಿಸ್ಥಿತಿ ಹೇಳುತ್ತೇನೆ. ಅಕ್ಕ ಹೇಳಿದ್ದು ಓದಿ ಕೆಲಸವನ್ನು ಬೇರೆ ಥ್ರೆಡ್‌ನಲ್ಲಿ ಓಡಿಸೋ ‘ಟಾಸ್ಕ್ ಡಾಟ್ ರನ್’ ಒಳಗೆ ಹಾಕಿದೆ. ಈಗ ವಿಷುವಲ್ ಸ್ಟುಡಿಯೋದಲ್ಲಿ (ಕೋಡ್ ಬರೆಯೋ ಸಾಫ್ಟ್‌ವೇರ್) ‘ಕ್ರಾಸ್ ಥ್ರೆಡ್ ಆಪರೇಷನ್ ನಾಟ್ ವ್ಯಾಲಿಡ್’, ಅಂದರೆ ಬೇರೆ ಥ್ರೆಡ್ ಪರದೆ ಮುಟ್ಟಬಾರದು ಅಂತ ಕೆಂಪು ಡಬ್ಬ ಬರುತ್ತೆ. ವಿಚಿತ್ರ ಏನೆಂದರೆ ತೂಕದ ಯಂತ್ರದ ಭಾಗದಲ್ಲೂ ಇದೇ ದೋಷ ಮೊದಲಿಂದ ಬರುತ್ತಿತ್ತು. ನನ್ನ ಲ್ಯಾಪ್‌ಟಾಪ್‌ನಲ್ಲಿ ಮಾತ್ರ. ಅಂಗಡಿಯಲ್ಲಿ ಬರಲ್ಲ. ಹಾಗಾಗಿ ಬಿಟ್ಟುಬಿಟ್ಟಿದ್ದೆ.

ಜುಗಾಡು:
ಸುಲಭ. ‘ಚೆಕ್ ಫಾರ್ ಇಲ್ಲೀಗಲ್ ಕ್ರಾಸ್ ಥ್ರೆಡ್ ಕಾಲ್ಸ್’ ಅಂತ ಒಂದು ಪ್ರಾಪರ್ಟಿ ಇದೆ. ಫಾಲ್ಸ್ ಮಾಡು. ಡಬ್ಬ ಮಾಯ.

ನೂಲು_ಬಿಚ್ಚುವವಳು:
ಮನೆಯಲ್ಲಿ ಗ್ಯಾಸ್ ವಾಸನೆ ಬಂದರೆ ಮೂಗು ಮುಚ್ಚಿಕೊಳ್ಳುವ ಜಾತಿ ನೀವು.

ಅಂಗಡಿಯಲ್ಲಿ ಯಾಕೆ ಬರಲ್ಲ ಗೊತ್ತಾ? ಆ ಪ್ರಾಪರ್ಟಿ ಡಿಬಗರ್ (ಕೋಡ್ ನಿಲ್ಲಿಸಿ ತಪ್ಪು ಹುಡುಕೋ ಸಲಕರಣೆ) ಜೊತೆಗಿದ್ದಾಗ ಮಾತ್ರ ತಾನಾಗೇ ಟ್ರೂ ಆಗಿರುತ್ತೆ. ಇಎಕ್ಸ್‌ಇ ನೇರವಾಗಿ ಓಡಿಸಿದರೆ ಆ ಕಾವಲು ಇರಲ್ಲ. ತಪ್ಪು ಅಲ್ಲೂ ನಡೆಯುತ್ತಿದೆ, ಹೇಳುವವರಿಲ್ಲ ಅಷ್ಟೇ. ಸೀರಿಯಲ್ ಪೋರ್ಟ್‌ನ ‘ಡೇಟಾ ರಿಸೀವ್ಡ್’ ಇವೆಂಟ್ ಬರೋದೇ ಬೇರೆ ಥ್ರೆಡ್‌ನಿಂದ. ಅಲ್ಲಿಂದ ನೇರವಾಗಿ ಲೇಬಲ್ ಮುಟ್ಟಬಾರದು. ‘ಬಿಗಿನ್ ಇನ್ವೋಕ್’ ಕರೆದು ಯುಐ ಥ್ರೆಡ್‌ಗೆ ಚೀಟಿ ಕೊಟ್ಟು ಬಾ, ಅದು ಬಿಡುವಾದಾಗ ಬರೆದುಕೊಳ್ಳುತ್ತೆ. ಒಂದು ವಾರ ಅಂಗಡಿಯಲ್ಲಿ ಕೂತು ನೋಡು, ಯಾವಾಗಲೋ ಒಮ್ಮೆ ತೂಕದ ಅಂಕಿ ಅರ್ಧ ಬರೆದು ನಿಂತಿರುತ್ತೆ.

ವರದಿಯ ವಿಷಯಕ್ಕೆ: ಟಾಸ್ಕ್ ಒಳಗೆ ಲೆಕ್ಕ ಮಾತ್ರ ಇರಲಿ. ‘ಟಾಸ್ಕ್ ಡಾಟ್ ರನ್’ಗೆ ಮುಂಚೆ ‘ಅವೇಟ್’ ಅಂತ ಹಾಕು, ಯುಐ ಥ್ರೆಡ್ ಕಟ್ಟಿಹಾಕದೇ ಉತ್ತರಕ್ಕೆ ಕಾಯುತ್ತೆ. ಉತ್ತರ ಬಂದ ಮೇಲಿನ ಸಾಲುಗಳು ವಾಪಸ್ ಯುಐ ಥ್ರೆಡ್‌ನಲ್ಲೇ ಓಡುತ್ತವೆ. ಗ್ರಿಡ್ ತುಂಬೋದು ಅಲ್ಲಿ.

ಅಡಿಕೆ_ಕೋಡು:
ಅಕ್ಕಾ, ಅವೇಟ್ ಹಾಕಿದರೆ ಮೆಥಡ್‌ಗೆಲ್ಲ ‘ಅಸಿಂಕ್’ ಅಂತ ಸೇರಿಸಿಕೊಂಡು ಹೋಗಬೇಕಾಯಿತು. ಬೇಜಾರಾಗಿ ಒಂದು ಎಐಗೆ ಕೇಳಿದೆ. ಅದು ಅವೇಟ್ ಬದಲು, ಉತ್ತರ ಬರೋವರೆಗೂ ಅಲ್ಲೇ ನಿಂತು ಕಾಯೋ ‘ಡಾಟ್ ರಿಸಲ್ಟ್’ ಹಾಕು ಅಂತು. ಹಾಕಿದೆ. ಈಗ ಒಂದೂವರೆ ನಿಮಿಷ ಅಲ್ಲ, ಊಟ ಮಾಡಿ ಬಂದರೂ ಹಾಗೇ ಇದೆ.

ನೂಲು_ಬಿಚ್ಚುವವಳು:
😄 ಎಲ್ಲರೂ ಒಮ್ಮೆ ಬೀಳೋ ಗುಂಡಿ ಇದು. ಕಾಲುಸಂಕದ ಮೇಲೆ ಇಬ್ಬರು ಎದುರುಬದುರಾದ ಹಾಗೆ. ಯುಐ ಥ್ರೆಡ್ ‘ಟಾಸ್ಕ್ ಮುಗಿಯಲಿ, ಆಮೇಲೆ ಸರಿಯುತ್ತೇನೆ’ ಅನ್ನುತ್ತೆ. ನಿನ್ನ ಅಸಿಂಕ್ ಮೆಥಡ್ ಒಳಗಿನ ಅವೇಟ್ ‘ಯುಐ ಥ್ರೆಡ್ ಸರಿಯಲಿ, ಆಮೇಲೆ ಮುಗಿಸುತ್ತೇನೆ’ ಅನ್ನುತ್ತೆ. ಇಬ್ಬರೂ ಸಂಜೆವರೆಗೆ ಅಲ್ಲೇ. ಬಟನ್ ಕ್ಲಿಕ್‌ವರೆಗೂ ಅಸಿಂಕ್ ಒಯ್ಯಲೇಬೇಕು, ಬೇಜಾರಾದರೂ.

ಬ್ರೇಕ್‌ಪಾಯಿಂಟ್:
ಮೇಲಿಂದ ಎಲ್ಲ ಓದಿದೆ. ಜ್ವರ ಎಷ್ಟಿದೆ ಅಂತ ನೋಡದೇ ಎಲ್ಲರೂ ಮಾತ್ರೆ ಬರೆದುಕೊಟ್ಟಿದ್ದೀರಿ. 18 ಸಾವಿರ ಸಾಲಿಗೆ ಒಂದೂವರೆ ನಿಮಿಷ ಯಾಕೆ ಬೇಕು ಅಂತ ಒಬ್ಬರೂ ಕೇಳಲಿಲ್ಲ. ಅದನ್ನು ಬೇರೆ ಥ್ರೆಡ್‌ಗೆ ಹಾಕಿದರೂ ಒಂದೂವರೆ ನಿಮಿಷವೇ.

ಅಡಿಕೆ, ಹಳೇ ಕೋಡ್‌ಗೆ ವಾಪಸ್ ಹೋಗು. ಡಿಬಗರ್‌ನಲ್ಲಿ ಓಡಿಸು. ವರದಿ ಬಟನ್ ಒತ್ತು. ವಿಂಡೋ ಬೆಳ್ಳಗಾದ ಕೂಡಲೇ ವಿಷುವಲ್ ಸ್ಟುಡಿಯೋ ಮೇಲಿರೋ ಎರಡು ಗೀಟಿನ ಪಾಸ್ ಗುಂಡಿ ಒತ್ತು. ‘ಬ್ರೇಕ್ ಆಲ್’ ಅಂತಾರೆ. ಕಾಲ್ ಸ್ಟ್ಯಾಕ್ ಕಿಟಕಿ ತೆಗೆದು ಯಾವ ಮೆಥಡ್‌ನಲ್ಲಿ ನಿಂತಿದೆ ಬರೆದುಕೋ. ಮುಂದುವರಿಸು, ಮತ್ತೆ ಪಾಸ್ ಮಾಡು. ಹತ್ತು ಸಲ. ಯಾವ ಹೆಸರು ಜಾಸ್ತಿ ಬರುತ್ತೋ ಅಲ್ಲೇ ಕಳ್ಳ. ಸಮಯ ಅಳೆಯೋ ಪ್ರೊಫೈಲರ್ ಕೂಡ ಬೇಡ.

ಅಡಿಕೆ_ಕೋಡು:
ಮಾಡಿದೆ ಸರ್. ಹತ್ತರಲ್ಲಿ ಆರು ಸಲ ‘ರೈತನ ಹೆಸರು ತಾ’ ಅನ್ನೋ ನನ್ನದೇ ಮೆಥಡ್. ಮೂರು ಸಲ ಗ್ರಿಡ್‌ನೊಳಗೆ, ‘ಆಟೋಸೈಜ್’ ಅಂತೇನೋ ಹೆಸರು. ಒಂದು ಸಲ ಏನೂ ಅರ್ಥ ಆಗಲಿಲ್ಲ.

ಬ್ರೇಕ್‌ಪಾಯಿಂಟ್:
ಆಹಾ. ಅಂದರೆ ಪ್ರತಿ ಬಿಲ್ಲಿಗೂ ಹೆಸರು ಕೇಳೋಕೆ ಡೇಟಾಬೇಸ್‌ಗೆ ಬೇರೆ ಓಟ. 18 ಸಾವಿರ ಸಲ ಹೋಗಿ ಬರುತ್ತಿದ್ದೀಯ. ಎರಡು ಟೇಬಲ್ ಜೋಡಿಸೋ ಜಾಯಿನ್ ಹಾಕಿ ಒಂದೇ ಕ್ವೆರಿ (ಡೇಟಾಬೇಸ್‌ಗೆ ಕೇಳೋ ಪ್ರಶ್ನೆ) ಮಾಡು. ಇನ್ನು ಗ್ರಿಡ್‌ನಲ್ಲಿ ಕಾಲಮ್ ಅಗಲ ‘ಆಲ್ ಸೆಲ್ಸ್’ ಅಂತ ಇಟ್ಟಿರುತ್ತೀಯ. ಅಗಲ ಗೊತ್ತಾಗೋಕೆ ಅದು ಎಲ್ಲ ಸಾಲುಗಳ ಅಕ್ಷರ ಅಳೆಯಬೇಕು. ‘ಡಿಸ್‌ಪ್ಲೇಡ್ ಸೆಲ್ಸ್’ ಮಾಡು, ಕಾಣೋದನ್ನಷ್ಟೇ ಅಳೆಯುತ್ತೆ. ಸಾಲು ಒಂದೊಂದೇ ಸೇರಿಸಬೇಡ, ಟೇಬಲ್ ಪೂರ್ತಿ ತುಂಬಿಸಿ ಒಮ್ಮೆಗೆ ‘ಡೇಟಾ ಸೋರ್ಸ್’ಗೆ ಕೊಡು.

ಅಡಿಕೆ_ಕೋಡು:
ಮೂರು ಸೆಕೆಂಡ್!! ಕಣ್ಣು ಉಜ್ಜಿಕೊಂಡು ನೋಡಿದೆ.

ಹಳೇ_ವಿಬಿ:
ನೋಡಿದ್ರಾ? ಥ್ರೆಡ್ಡೂ ಬೇಡ, ಅವೇಟೂ ಬೇಡ. ಕ್ವೆರಿ ಸರಿ ಇದ್ದರೆ ಸಾಕು.

ನೂಲು_ಬಿಚ್ಚುವವಳು:
ಇವತ್ತು ಮೂರು ಸೆಕೆಂಡ್. ಐದು ವರ್ಷದ ಬಿಲ್ಲು ಸೇರಲಿ, ಡೇಟಾಬೇಸ್ ಪಕ್ಕದ ಕೋಣೆಯ ಕಂಪ್ಯೂಟರ್‌ಗೆ ಹೋಗಲಿ, ಆಗ ಮಾತಾಡೋಣ ಸರ್. ಪರದೆ ನಿಲ್ಲಬಾರದು ಅನ್ನೋದು ಒಂದು ವಿಷಯ, ಕೆಲಸ ಬೇಗ ಮುಗಿಯಬೇಕು ಅನ್ನೋದು ಬೇರೆ ವಿಷಯ. ನಾನು ಮೊದಲನೇದಕ್ಕೆ ಔಷಧ ಕೊಟ್ಟೆ, ಬ್ರೇಕ್‌ಪಾಯಿಂಟ್ ಎರಡನೇದಕ್ಕೆ. ಅವರು ಮೊದಲು ಬಂದಿದ್ದರೆ ಚೆನ್ನಾಗಿತ್ತು, ಒಪ್ಪುತ್ತೇನೆ.

ಎಕ್ಸಾಮಲ್_ಪ್ರೇಮಿ:
ಡಬ್ಲ್ಯುಪಿಎಫ್‌ನಲ್ಲಿ ಆಟೋಸೈಜ್ ತೊಂದರೆ ಬರುತ್ತಲೇ ಇರಲಿಲ್ಲ.

ಬ್ರೇಕ್‌ಪಾಯಿಂಟ್:
ಆ 18 ಸಾವಿರ ಓಟ ಬರುತ್ತಿತ್ತಲ್ಲ! ಹೊಸದಾಗಿ ಕಲಿಯುವವನಿಗೆ ಎಕ್ಸಾಮಲ್ (ಡಬ್ಲ್ಯುಪಿಎಫ್ ಪರದೆ ಬರೆಯೋ ಭಾಷೆ), ಬೈಂಡಿಂಗ್, ಎಂವಿವಿಎಂ (ಪರದೆ, ಡೇಟಾ ಬೇರೆ ಬೇರೆ ಇಡೋ ಪದ್ಧತಿ) ಒಟ್ಟಿಗೆ ತಲೆ ಮೇಲೆ ಹಾಕಿದರೆ ತಪ್ಪು ಎಲ್ಲಿದೆ ಅಂತ ಹುಡುಕೋದೇ ಆಗಲ್ಲ. ಬೈಂಡಿಂಗ್ ಹೆಸರಲ್ಲಿ ಒಂದಕ್ಷರ ತಪ್ಪಿದರೆ ಪ್ರೋಗ್ರಾಂ ಬೀಳೋದೂ ಇಲ್ಲ, ಕಾಲಮ್ ಸುಮ್ನೆ ಖಾಲಿ ಇರುತ್ತೆ. ‘ಹಳೇದು, ಬಿಡು’ ಅನ್ನೋದೂ ಸರಿಯಲ್ಲ. 2018ರ ಡಿಸೆಂಬರ್‌ನಲ್ಲಿ ವಿನ್‌ಫಾರ್ಮ್ಸ್, ಡಬ್ಲ್ಯುಪಿಎಫ್ ಎರಡರ ಸೋರ್ಸೂ ಓಪನ್ ಆಯಿತು. 2019ರಲ್ಲಿ ಡಾಟ್ ನೆಟ್ ಕೋರ್ 3.0ಗೆ ಎರಡೂ ಒಟ್ಟಿಗೇ ಬಂದವು. ಎರಡೂ ಓಡೋದು ವಿಂಡೋಸ್‌ನಲ್ಲಿ ಮಾತ್ರ. ಲಿನಕ್ಸ್ ಬೇಕಿದ್ದರೆ ಅಲ್ಲೂ ಓಡೋ ಅವಲೋನಿಯಾ ಅನ್ನೋ ಸಲಕರಣೆ ನೋಡಬೇಕು.

ವೆಬ್_ಸಾಕು:
ನನಗೊಂದು ಡೌಟು. ಡಾಟ್ ನೆಟ್ ‘ಮ್ಯಾನೇಜ್ಡ್’, ಅಂದರೆ ಕೋಡ್‌ನ ಮೇಲ್ವಿಚಾರಣೆ ಅದೇ ಮಾಡುತ್ತೆ ಅಲ್ವಾ? ಮೆಮೊರಿ, ಥ್ರೆಡ್ ಎಲ್ಲ ಅದೇ ನೋಡಿಕೊಳ್ಳಬೇಕು ತಾನೆ?

ನೂಲು_ಬಿಚ್ಚುವವಳು:
ಮೆಮೊರಿ ನೋಡಿಕೊಳ್ಳುತ್ತೆ. ಯಾರೂ ಹಿಡಿದುಕೊಳ್ಳದ ವಸ್ತುವನ್ನು ಗಾರ್ಬೇಜ್ ಕಲೆಕ್ಟರ್ ತೆಗೆಯುತ್ತೆ. ಆದರೆ ನೀವೇ ಹಿಡಿದುಕೊಂಡಿದ್ದರೆ? ಪ್ರೋಗ್ರಾಂ ಇರೋವರೆಗೂ ಇರೋ ಸ್ಟ್ಯಾಟಿಕ್ ಇವೆಂಟ್‌ಗೆ ಫಾರ್ಮ್ ಸೇರಿಸಿ ಬಿಡಿಸೋಕೆ ಮರೆತರೆ ಆ ಫಾರ್ಮ್ ಪ್ರೋಗ್ರಾಂ ಮುಚ್ಚೋವರೆಗೂ ಹೋಗಲ್ಲ. ‘ಷೋ ಡೈಲಾಗ್’ನಿಂದ ತೆರೆದ ಫಾರ್ಮ್ ಮುಚ್ಚಿದರೂ ತಾನಾಗಿ ಡಿಸ್ಪೋಸ್ ಆಗಲ್ಲ, ಕೆಲಸ ಮುಗಿದ ಕೂಡಲೇ ಡಿಸ್ಪೋಸ್ ಮಾಡೋ ‘ಯೂಸಿಂಗ್’ ಒಳಗೆ ಇಡಬೇಕು. ವಿಂಡೋಸ್‌ನಲ್ಲಿ ಒಂದು ಪ್ರೋಗ್ರಾಂಗೆ ಸಾಮಾನ್ಯವಾಗಿ 10,000 ಯೂಸರ್ ಆಬ್ಜೆಕ್ಟ್ (ವಿಂಡೋ, ಮೆನು ಥರದ್ದು), 10,000 ಜಿಡಿಐ ಆಬ್ಜೆಕ್ಟ್ (ಪರದೆ ಬಿಡಿಸೋ ಫಾಂಟ್, ಬ್ರಷ್ ಥರದ್ದು) ಮಿತಿ. ಬೆಳಗ್ಗೆ ಚೆನ್ನಾಗಿದ್ದದ್ದು ಸಂಜೆ ‘ಎರರ್ ಕ್ರಿಯೇಟಿಂಗ್ ವಿಂಡೋ ಹ್ಯಾಂಡಲ್’ ಅಂತ ಬಿದ್ದರೆ ಟಾಸ್ಕ್ ಮ್ಯಾನೇಜರ್‌ನಲ್ಲಿ ಆ ಎರಡು ಕಾಲಮ್ ತೋರಿಸಿಕೊಂಡು ನೋಡಿ. ಏರುತ್ತಲೇ ಹೋಗುತ್ತಿರುತ್ತೆ.

ಅಡಿಕೆ_ಕೋಡು:
ಎಲ್ಲರಿಗೂ ಥ್ಯಾಂಕ್ಸ್ ಹೇಳಿ ಹೋಗೋಣ ಅಂತಿದ್ದೆ. ಇನ್ನೊಂದು ತಾಪತ್ರಯ.

ಮಾವನಿಗೆ ಮೂರು ಸೆಕೆಂಡಿನ ವರದಿ ತೋರಿಸಿದೆ. ‘ಇಷ್ಟು ಬೇಗ ಬಂತು ಅಂದರೆ ಎಲ್ಲೋ ಲೆಕ್ಕ ಬಿಟ್ಟಿದೆ’ ಅಂದರು. ಕೈಬರಹದ ಪುಸ್ತಕ ತೆಗೆದು ತಾಳೆ ನೋಡಿದರು. ಏಪ್ರಿಲ್ 5ರ ಬಿಲ್ಲು ಮೇ ತಿಂಗಳಲ್ಲಿದೆ! ಹೀಗೆ ಒಂದಲ್ಲ, ತುಂಬಾ. ವರ್ಷದ ಮೊತ್ತ ಸರಿ, ತಿಂಗಳದ್ದು ತಪ್ಪು.

ಬ್ರೇಕ್‌ಪಾಯಿಂಟ್:
ಅಂಗಡಿಗೆ ಹೊಸ ಲ್ಯಾಪ್‌ಟಾಪ್ ಬಂತಾ?

ಅಡಿಕೆ_ಕೋಡು:
ಮಾರ್ಚ್ ಕೊನೆಗೆ ಬಂತು. ಹೇಗೆ ಗೊತ್ತಾಯಿತು?

ಬ್ರೇಕ್‌ಪಾಯಿಂಟ್:
ಅದರ ರೀಜನ್ ಸೆಟ್ಟಿಂಗ್ ಅಮೆರಿಕದ್ದಿರುತ್ತೆ. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ನೀನು ಟೆಕ್ಸ್ಟ್ ಬಾಕ್ಸ್‌ನಲ್ಲಿ 05/04 ಅಂತ ತಗೊಂಡು, ಬರಹವನ್ನು ತಾರೀಕು ಮಾಡೋ ‘ಡೇಟ್‌ಟೈಮ್ ಡಾಟ್ ಪಾರ್ಸ್’ಗೆ ಕೊಟ್ಟಿರುತ್ತೀಯ. ಅದು ಆ ಕಂಪ್ಯೂಟರ್‌ನ ಪದ್ಧತಿ ನೋಡಿ ಮೇ 4 ಅಂದುಕೊಳ್ಳುತ್ತೆ. ಆದರೆ 13ನೇ ತಾರೀಕಿಗೆ ದೋಷ ಬರಬೇಕಿತ್ತಲ್ಲ, 13ನೇ ತಿಂಗಳು ಎಲ್ಲಿದೆ? ಅದು ಬರಲಿಲ್ವಾ?

ಅಡಿಕೆ_ಕೋಡು:
ಹೇಳೋಕೆ ನಾಚಿಕೆ. ಅದರ ಸುತ್ತ ಟ್ರೈ ಕ್ಯಾಚ್ ಇದೆ. ದೋಷ ಬಂದರೆ ಇವತ್ತಿನ ತಾರೀಕು ಹಾಕು ಅಂತ ನಾನೇ ಬರೆದಿದ್ದೆ.

ನೂಲು_ಬಿಚ್ಚುವವಳು:
ಅಯ್ಯೋ, ಎಂಥಾ ಚಂದ! 12ರವರೆಗಿನದ್ದು ತಪ್ಪಾಗಿ ದಾಖಲಾಯಿತು. 13ರ ಮೇಲಿನದ್ದು ತಪ್ಪಿನ ಮೇಲೆ ತಪ್ಪು ಬಿದ್ದು ಸರಿಯಾಯಿತು. ಅದಕ್ಕೇ ಯಾರಿಗೂ ಗೊತ್ತಾಗಲಿಲ್ಲ. ಆ ಕ್ಯಾಚ್ ಮೊದಲು ಕಿತ್ತು ಹಾಕು. ಟೆಕ್ಸ್ಟ್ ಬಾಕ್ಸ್ ತೆಗೆದು ‘ಡೇಟ್‌ಟೈಮ್ ಪಿಕ್ಕರ್’ ಇಡು, ಅದರ ‘ಟೆಕ್ಸ್ಟ್’ ಅಲ್ಲ ‘ವ್ಯಾಲ್ಯೂ’ ತಗೋ. ಎಲ್ಲಾದರೂ ಬರಹದಿಂದಲೇ ಓದಬೇಕಾದರೆ ‘ಪಾರ್ಸ್ ಎಕ್ಸಾಕ್ಟ್’ ಬಳಸು, ದಿನ ಮೊದಲು ಅಂತ ನೀನೇ ಹೇಳು.

ಅಡಿಕೆ_ಕೋಡು:
ಆಗಲೇ ತಪ್ಪಾಗಿ ಹೋಗಿರೋದನ್ನು ಏನು ಮಾಡಲಿ?

ಹಳೇ_ವಿಬಿ:
ಇದು ನನ್ನ ಇಲಾಖೆ. ಬಿಲ್ ನಂಬರ್ ಸಾಲಾಗಿ ಏರುತ್ತೆ ತಾನೆ? ನಂಬರ್ ಪ್ರಕಾರ ಜೋಡಿಸು. ತಾರೀಕು ಎಲ್ಲಿ ಸಾಲು ತಪ್ಪಿ ಮುಂದಕ್ಕೋ ಹಿಂದಕ್ಕೋ ಹಾರುತ್ತೋ ಅವೇ ತಪ್ಪಿದ ಬಿಲ್ಲುಗಳು. ಹೊಸ ಲ್ಯಾಪ್‌ಟಾಪ್ ಬರೋ ಮುಂಚಿನದ್ದು ಮುಟ್ಟಬೇಡ. ಮೊದಲು ಬ್ಯಾಕಪ್ ತಗೋ, ಪೆನ್‌ಡ್ರೈವ್‌ಗೂ ಒಂದು ಹಾಕು. ಒಂದೇ ಅಪ್‌ಡೇಟ್‌ನಲ್ಲಿ ಎಲ್ಲ ತಿರುಗಿಸೋ ಬುದ್ಧಿವಂತಿಕೆ ಬೇಡ. ಪಟ್ಟಿ ಪ್ರಿಂಟ್ ಮಾಡಿಕೊಂಡು ಮಾವನ ಪುಸ್ತಕದ ಜೊತೆ ಕೂತು ಒಂದೊಂದೇ ಗುರುತು ಹಾಕು.

ಅಡಿಕೆ_ಕೋಡು:
ಮಾವ ಈಗಾಗಲೇ ಕನ್ನಡಕ ಹಾಕಿಕೊಂಡು ಕೂತಿದ್ದಾರೆ ಸರ್. ಪುಸ್ತಕ ಬಿಟ್ಟು ಕೊಡಬಾರದು ಅಂತ ಅವರೇ ಅವತ್ತು ಹಠ ಮಾಡಿದ್ದು. ಚಹಾ ಬಂತು, ಶುರು ಮಾಡುತ್ತೇವೆ.